ಸಹಾಯ ಬೇಕು: ಕೊಲೊರಾಡೋದಲ್ಲಿ ಸಣ್ಣದಾಗಿ ಮದ್ವೆ, ಮರಳು ದಿಬ್ಬನಾ ಬೆಟ್ಟದ ಕೆರೆನಾ?

ನಮಸ್ಕಾರ ಎಲ್ರಿಗೂ, ನಾನು ಹಾಸನದವ್ಳು, ಈಗ ಡೆನ್ವರಲ್ಲಿ ಇದೀನಿ. ಜೂನ್ ಮೊದಲ್ನೇ ವಾರ ನಮ್ಮ ಮದ್ವೆ, ಛತ್ರ ಇಲ್ಲ ಪಂಕ್ತಿ ಊಟ ಇಲ್ಲ, ನಾವಿಬ್ರು ಮತ್ತೆ ಊರಿಂದ ಬರೋ ನಮ್ಮಮ್ಮ ಅಷ್ಟೇ. ಇಲ್ಲಿ ಪುರೋಹಿತ್ರು ಸಾಕ್ಷಿ ಯಾರೂ ಇಲ್ದೆ ನಾವೇ ಲೈಸೆನ್ಸಿಗೆ ಸೈನ್ ಹಾಕಿದ್ರೂ ಕಾನೂನಲ್ಲಿ ನಡೆಯತ್ತೆ, ತಗೊಂಡ 35 ದಿನದೊಳಗೆ ಆಗ್ಬೇಕು ಅಷ್ಟೇ.

ಜಾಗನೇ ತೀರ್ಮಾನ ಆಗ್ತಿಲ್ಲ. ನಂಗೆ ಗ್ರೇಟ್ ಸ್ಯಾಂಡ್ ಡ್ಯೂನ್ಸ್ ಮೇಲೆ ತುಂಬಾ ಆಸೆ, ಹಿಂದೆ ಹಿಮದ ಬೆಟ್ಟ, ಮುಂದೆ 700 ಅಡಿ ದಾಟೋ ಮರಳು ದಿಬ್ಬ, ಆ ಟೈಮಲ್ಲಿ ದಿಬ್ಬದ ಬುಡದಲ್ಲೇ ಮೆಡಾನೋ ಹಳ್ಳ ಹರೀತಿರತ್ತೆ. ಆದ್ರೆ ಬೇಸಿಗೆ ಮಧ್ಯಾಹ್ನ ಮರಳು 65 ಡಿಗ್ರಿ ತನಕ ಕಾಯತ್ತಂತೆ, ಗಾಳಿಗೆ ಮರಳು ಬೇರೆ ಮುಖಕ್ಕೆ ಹೊಡಿಯತ್ತೆ, ಅಮ್ಮಂಗೆ ಮಂಡಿ ನೋವು. ನಮ್ಮ ಹುಡುಗ ರಾಕಿ ಮೌಂಟನ್ ಪಾರ್ಕಿನ ಸ್ಪ್ರೇಗ್ ಲೇಕ್ ಅಂತಾನೆ, ಅಲ್ಲಿ ಕೆರೆ ಸುತ್ತ ದಾರಿ ಸಮ ಇದೆ, ವೀಲ್‌ಚೇರೂ ಹೋಗತ್ತೆ, ಆದ್ರೆ ಅಕ್ಕಿ ಎರಚೋ ಹಾಗಿಲ್ಲ, ಅಕ್ಷತೆ ಇಲ್ದೆ ಅಮ್ಮ ಹೇಗೆ ಒಪ್ತಾರೋ. ಎರಡೂ ಕಡೆ ಪರ್ಮಿಟ್ ಬೇಕು.

ಅಪ್ಪ ಇಲ್ಲ, ಹಾಗಾಗಿ ಅಮ್ಮನೇ ಧಾರೆ ಎರಿಬೇಕು ಅಂತ ನಂಗಿದೆ, ಅವ್ರು ಆರಾಮಾಗಿ ನಿಂತ್ಕೊಳೋ ಜಾಗ ಆಗ್ಬೇಕು.

ವಯಸ್ಸಾದವ್ರನ್ನ ಕರ್ಕೊಂಡು ಈ ಎರಡು ಕಡೆ ಹೋಗಿರೋರು ದಯವಿಟ್ಟು ಹೇಳಿ. ಬೆಳಿಗ್ಗೆ ಎಷ್ಟೊತ್ತಿಗೆ ಹೋದ್ರೆ ಜನ ಕಮ್ಮಿ? ಎರಡೂ ಮುಳ್ಳಯ್ಯನಗಿರಿಗಿಂತ ಎತ್ತರ, ಅಮ್ಮಂಗೆ ಉಸಿರಾಟಕ್ಕೆ ತೊಂದ್ರೆ ಆಗ್ದಿರೋಕೆ ಎಷ್ಟು ದಿನ ಮುಂಚೆ ಬಂದಿರ್ಬೇಕು?