ಮ್ಯಾಕ್ಸ್ ಮ್ಯಾಥ್ಯೂಸ್ ನೆನಪಿಗೆ ಅರ್ಧ ಗಂಟೆ: ಏನು ಹೇಳುವುದು, ಏನು ಕೇಳಿಸುವುದು?

ನಾದಬಿಂದು ಕೇಳಿದ್ದು:

ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಕಂಪ್ಯೂಟರಿನಿಂದ ಸಂಗೀತ ಹೊರಡಿಸಿದ ಮೊದಲಿಗರಲ್ಲೊಬ್ಬರಾದ ಮ್ಯಾಕ್ಸ್ ಮ್ಯಾಥ್ಯೂಸ್ (1926–2011) ಬಗ್ಗೆ ಅರ್ಧ ಗಂಟೆಯ ಕಾರ್ಯಕ್ರಮವಿದೆ. ಕೇಳುವವರಲ್ಲಿ ಕರ್ನಾಟಕ ಸಂಗೀತ ಕಲಿಯುತ್ತಿರುವವರೂ ಇದ್ದಾರೆ. 1957ರಲ್ಲಿ ಅವರ ಪ್ರೋಗ್ರಾಮ್ ಹೊರಡಿಸಿದ ನಾದ ಹೇಗಿತ್ತೆಂದು ಸಿಸೌಂಡ್‌ನಲ್ಲಿ (ಸದ್ದು ಹುಟ್ಟಿಸುವ ಪ್ರೋಗ್ರಾಮಿಂಗ್ ಭಾಷೆ) ಮಾಡಿ ತೋರಿಸಬೇಕು. ಈಗ ಮಾಡಿರುವುದರಲ್ಲಿ ಪ್ರತಿ ಸ್ವರದ ಕೊನೆಗೂ ‘ಟಕ್’ ಎನ್ನುತ್ತದೆ. ಜೊತೆಗೆ, ಅವರ ಪ್ರೋಗ್ರಾಮಿನಿಂದ ತಂಬೂರಿಯಂಥ ನಾದ ಹುಟ್ಟಿಸಿದ್ದರೆಂದು ಓದಿದೆ. ಅದನ್ನು ಮಾಡಲು ಹೋದರೆ ಒಮ್ಮೆ ಏನೂ ಕೇಳಿಸುವುದಿಲ್ಲ, ಇನ್ನೊಮ್ಮೆ ದನಿ ಒಡೆಯುತ್ತದೆ. ‘ಹಾಡಿದ ಕಂಪ್ಯೂಟರ್’ ಕೂಡ ಅವರದೇ ಎಂದು ಹೇಳಬಹುದೇ?

ಅಲೆಪಟ್ಟಿ ಉತ್ತರಿಸಿದ್ದು:

ಮೊದಲ ಭಾಗದಲ್ಲಿ ಆ ‘ಟಕ್’ ಹಾಗೇ ಇರಲಿ. ಮ್ಯಾಥ್ಯೂಸರ 1957ರ ಪ್ರೋಗ್ರಾಮ್ ಮ್ಯೂಸಿಕ್ 1ರಲ್ಲಿ ಇದ್ದದ್ದು ಒಂದೇ ದನಿ, ಒಂದೇ ಬಗೆಯ ತ್ರಿಕೋನ ಅಲೆ. ಸ್ವರದ ಎತ್ತರ, ಜೋರು, ಅವಧಿ ಈ ಮೂರನ್ನು ಮಾತ್ರ ಕೊಡಬಹುದಿತ್ತು. ಸ್ವರ ಮೆಲ್ಲಗೆ ಏಳುವುದಕ್ಕೆ, ಮೆಲ್ಲಗೆ ಆರುವುದಕ್ಕೆ ಅದರಲ್ಲಿ ದಾರಿಯೇ ಇರಲಿಲ್ಲ. ಅದರಲ್ಲಿ ನ್ಯೂಮನ್ ಗಟ್‌ಮನ್ ಮಾಡಿದ ‘ದಿ ಸಿಲ್ವರ್ ಸ್ಕೇಲ್’ 17 ಸೆಕೆಂಡಿನದು. ಲೆಕ್ಕ ನಡೆದದ್ದು ನ್ಯೂಯಾರ್ಕಿನ ಐಬಿಎಂ 704 ಕಂಪ್ಯೂಟರಿನಲ್ಲಿ. ಟೇಪನ್ನು ನ್ಯೂಜೆರ್ಸಿಯ ಮರ್ರೇ ಹಿಲ್‌ನ ಬೆಲ್ ಲ್ಯಾಬ್ಸ್ ಸಂಶೋಧನಾಲಯಕ್ಕೆ ಹೊತ್ತುಕೊಂಡು ಹೋಗಿ ಅಲ್ಲಿ ಸದ್ದಾಗಿ ಬದಲಿಸಬೇಕಿತ್ತು. ಇದನ್ನು ಹೇಳಿಯೇ ಕೇಳಿಸಿ.

ತ್ರಿಕೋನ ಅಲೆಯ ಪಟ್ಟಿಗೆ ಜೆನ್ 7 (ಬಿಂದುಗಳನ್ನು ನೇರ ಗೆರೆಯಿಂದ ಜೋಡಿಸಿ ಪಟ್ಟಿ ಮಾಡುವ ಸಿಸೌಂಡ್ ಆಜ್ಞೆ) ಬಳಸಿ. ಉದ್ದ 8192, ಬೆಲೆಗಳು 0, 2048, 1, 4096, −1, 2048, 0. ನಡುವಿನ ಮೂರು ಉದ್ದಗಳ ಮೊತ್ತ 8192 ದಾಟಿದರೆ ಅಲೆ ಮೊಟಕಾಗಿ, ಪ್ರತಿ ಸುತ್ತಿನಲ್ಲೂ ಒಂದು ಜಿಗಿತ ಬಂದು ನಾದ ಗೊರಗೊರ ಎನ್ನುತ್ತದೆ.

ಅದೇ ಸ್ವರಗಳನ್ನು ಎರಡನೇ ಸಲ ನುಡಿಸುವಾಗ, ಸ್ವರ ಮೆಲ್ಲಗೆ ಏರಿ ಇಳಿಯುವಂತೆ ಮಾಡುವ ಲಿನೆನ್ ಸೇರಿಸಿ: ಏರಲು 0.01 ಸೆಕೆಂಡ್, ಇಳಿಯಲು 0.05. ಅಲೆ ಸೊನ್ನೆಯಲ್ಲಿ ಇಲ್ಲದಾಗ ಕಡಿದರೆ ‘ಟಕ್’ ಹುಟ್ಟುತ್ತದೆ, ಈ 0.05 ಅದನ್ನು ನುಂಗಿಬಿಡುತ್ತದೆ. ಲಿನೆನ್‌ಗೆ ಅವಧಿಯಾಗಿ ಪಿ3 ಯನ್ನೇ (ಆ ಸ್ವರದ ಪೂರ್ಣ ಅವಧಿ) ಕೊಡಿ. ಅದಕ್ಕಿಂತ ಚಿಕ್ಕ ಸಂಖ್ಯೆ ಬರೆದರೆ ಇಳಿಜಾರು ಸೊನ್ನೆಯಲ್ಲಿ ನಿಲ್ಲದೆ ಕೆಳಗಿಳಿದು, ಆರಿದ ಸ್ವರ ಮತ್ತೆ ಎದ್ದು ಬರುತ್ತದೆ.

ಹೀಗೆ ಎರಡು ಸಲ ಕೇಳಿಸಿದರೆ ಮ್ಯಾಥ್ಯೂಸ್ ಮುಂದೆ ಯಾವ ದಾರಿ ಹಿಡಿದರೆಂದು ಕಿವಿಗೇ ತಿಳಿಯುತ್ತದೆ. ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ 1957ರದ್ದಲ್ಲ, 1960ರ ಮ್ಯೂಸಿಕ್ 3. ಆಂದೋಲಕ (ಅಲೆ ಹುಟ್ಟಿಸುವ ಆಸಿಲೇಟರ್), ಕೂಡಿಸುವುದು, ಗುಣಿಸುವುದು, ಏರಿಳಿತ ಎಂದು ಚಿಕ್ಕ ಚಿಕ್ಕ ತುಣುಕು ಮಾಡಿಟ್ಟು, ಬೇಕಾದ ವಾದ್ಯವನ್ನು ಸಂಗೀತಗಾರನೇ ಜೋಡಿಸಿಕೊಳ್ಳಲಿ ಎಂದು ಬಿಟ್ಟರು. ಅವೇ ಯೂನಿಟ್ ಜನರೇಟರ್‌ಗಳು. ನೀವು ಸಿಸೌಂಡ್‌ನಲ್ಲಿ ಬರೆಯುವ ಪ್ರತಿ ಸಾಲೂ ಆ ತುಣುಕೇ. 1968ರ ಮ್ಯೂಸಿಕ್ 5 ಅನ್ನು ಫೋರ್ಟ್ರಾನ್‌ನಲ್ಲಿ ಬರೆದ ಕಾರಣವನ್ನೂ ವಿದ್ಯಾರ್ಥಿಗಳಿಗೆ ಹೇಳಿ: ಹಿಂದಿನದು ಒಂದೇ ಯಂತ್ರದ ಅಸೆಂಬ್ಲಿ ಭಾಷೆಯಲ್ಲಿತ್ತು, ಯಂತ್ರ ಬದಲಾದರೆ ಪ್ರೋಗ್ರಾಮೂ ಹೋದಂತೆ.

ಜೀವಾಳ ಉತ್ತರಿಸಿದ್ದು:

ತಂಬೂರಿಯಂಥ ನಾದ ಮ್ಯಾಥ್ಯೂಸರದಲ್ಲ. ಅವರ ಪ್ರೋಗ್ರಾಮ್ ಬಳಸಿ ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ ಮಾಡಿದ ಜಾನ್ ಕ್ಲೋಡ್ ರಿಸೆ ಅವರದು.

ಅನುಸ್ವರಗಳನ್ನು ಕೂಡಿಸಿ ಅಲೆಯ ಪಟ್ಟಿ ಮಾಡುವ ಜೆನ್ 10ಕ್ಕೆ ಕೊಡಬೇಕಾದ ಬಲಗಳು: 1, 0, 0, 0, ಆಮೇಲೆ ಆರು ಸಲ 0.7. ಅಂದರೆ ಆಧಾರ ಷಡ್ಜ, ಜೊತೆಗೆ 5ರಿಂದ 10ರವರೆಗಿನ ಅನುಸ್ವರಗಳು (ಆಧಾರದ ಐದರಿಂದ ಹತ್ತು ಪಟ್ಟು ಆವರ್ತನದವು). ಇದೇ ಪಟ್ಟಿಯನ್ನು ಓದುವ 9 ಆಂದೋಲಕ ಇಡಿ. ಒಂದು ಮನೆ ಶ್ರುತಿಗೆ ನಡುವಿನದು 130.8 ಹರ್ಟ್ಸ್, ಉಳಿದವು ಮೇಲಕ್ಕೆ ನಾಲ್ಕು, ಕೆಳಕ್ಕೆ ನಾಲ್ಕು, ಒಂದಕ್ಕೂ ಇನ್ನೊಂದಕ್ಕೂ 0.03 ಹರ್ಟ್ಸ್ ಅಂತರ. ಇಷ್ಟು ಸಣ್ಣ ಅಂತರಕ್ಕೆ ಸಾಮಾನ್ಯ ಆಂದೋಲಕ ಆಸಿಲ್ ಬದಲು ಹೆಚ್ಚು ನಿಖರವಾದ ಪೊಸಿಲ್ ಬಳಸುವುದು ಒಳ್ಳೆಯದು.

ಏನೂ ಕೇಳಿಸದಿದ್ದರೆ ‘ಜೀರೋ ಡಿಬಿ ಎಫ್‌ಎಸ್ = 1’ ಸಾಲು ಬಿಟ್ಟುಹೋಗಿದೆ. ಅದಿಲ್ಲದಿದ್ದರೆ ಪೂರ್ಣ ಜೋರು ಎಂದರೆ 32,768. ಅದರ ಮುಂದೆ 0.08ರಷ್ಟು ಜೋರು ಎಂದರೆ ಮೌನವೇ. ದನಿ ಒಡೆಯುವುದು ಒಂಬತ್ತರ ಮೊತ್ತ 1 ದಾಟಿದಾಗ. ಶುರುವಿನಲ್ಲಿ ಒಂಬತ್ತೂ ಒಂದೇ ಹಂತದಲ್ಲಿರುತ್ತವೆ, ಒಡೆಯುವುದೂ ಅಲ್ಲೇ. ಒಂದೊಂದಕ್ಕೆ 0.08 ಕೊಟ್ಟರೆ ಮೊತ್ತ 0.72, ತೊಂದರೆಯಿಲ್ಲ.

10 ಸೆಕೆಂಡಿಗೆ ನಿಲ್ಲಿಸಬೇಡಿ. 10ನೇ ಅನುಸ್ವರ 3.3 ಸೆಕೆಂಡಿಗೊಮ್ಮೆ ಮೇಲೇಳುತ್ತದೆ, 5ನೆಯದು 6.7 ಸೆಕೆಂಡಿಗೊಮ್ಮೆ, ಆಧಾರ 33 ಸೆಕೆಂಡಿಗೊಮ್ಮೆ. ಹಾಗಾಗಿ ಗಾಂಧಾರ, ರಿಷಭ, ಷಡ್ಜ ಎಂದು ಮೇಲಿನಿಂದ ಇಳಿಯುತ್ತಾ ಬರುವುದು ಕೇಳುತ್ತದೆ. ಕನಿಷ್ಠ 40 ಸೆಕೆಂಡ್ ಬಿಡಿ. ತಂಬೂರಿಯಲ್ಲಿ ಕುದುರೆಯ ಮೇಲಿನ ಜೀವಾಳದ ಎಳೆ ಮಾಡುವ ಕೆಲಸವನ್ನು ಇಲ್ಲಿ ಆ 0.03 ಮಾಡುತ್ತದೆ, ಕಾರಣ ಬೇರೆ, ಕಿವಿಗೆ ಹತ್ತಿರ. ಇದರ ಮೇಲೆ ಯಾರಾದರೂ ಹಾಡುವುದಿದ್ದರೆ 7ನೇ ಬಲವನ್ನು 0.2ಕ್ಕೆ ಇಳಿಸಿ. ಅದು ಕೈಶಿಕಿ ನಿಷಾದಕ್ಕಿಂತ ಕೆಳಗೆ ನಿಲ್ಲುವುದರಿಂದ ಹಾಡುವವರ ನಿಷಾದವನ್ನು ಎಳೆಯುತ್ತದೆ. ಆಂದೋಲಕಗಳನ್ನು ಎಡ ಬಲ ಸ್ಪೀಕರುಗಳಿಗೆ ಹಂಚಬೇಡಿ, ಬೆರೆಯದೆ ಈ ಏರಿಳಿತ ಸೊರಗುತ್ತದೆ. ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ 130 ಹರ್ಟ್ಸ್ ತೀರಾ ಬಡವಾಗಿ ಬರುವುದರಿಂದ ಹೊರಗಿನ ಸ್ಪೀಕರ್ ಬೇಕೇ ಬೇಕು.

ಕೋಲುತಾಳ ಉತ್ತರಿಸಿದ್ದು:

ಹಾಡಿದ ಕಂಪ್ಯೂಟರ್ ಬಗ್ಗೆ: 1961ರಲ್ಲಿ ಕಂಪ್ಯೂಟರ್ ಹಾಡಿದ ‘ಡೇಸಿ ಬೆಲ್’ ಹಾಡಿನಲ್ಲಿ ಕಂಠದ ಭಾಗ ಜಾನ್ ಕೆಲ್ಲಿ ಮತ್ತು ಕ್ಯಾರಲ್ ಲಾಕ್‌ಬಾಮ್ ಅವರದು. ಮ್ಯಾಥ್ಯೂಸರದು ಪಕ್ಕವಾದ್ಯ. ಮೂವರ ಹೆಸರನ್ನೂ ಹೇಳಿ. ಎಲ್ಲವನ್ನೂ ಮ್ಯಾಥ್ಯೂಸರ ಹೆಸರಿಗೆ ಬರೆದರೆ ಉಳಿದಿಬ್ಬರಿಗೆ ಅನ್ಯಾಯ.

ಮ್ಯಾಥ್ಯೂಸರು ಪಿಟೀಲು ನುಡಿಸುತ್ತಿದ್ದವರು ಎಂಬುದನ್ನು ಬಿಡಬೇಡಿ. ಲೆಕ್ಕ ಮುಗಿದ ಮೇಲಷ್ಟೇ ಸದ್ದು ಕೇಳುವುದು ನುಡಿಸುವ ಕೈಗೆ ಸಾಲದು. 1970ರ ಸುಮಾರಿಗೆ ಎಫ್. ರಿಚರ್ಡ್ ಮೂರ್ ಜೊತೆ ಮಾಡಿದ ಗ್ರೂವ್ ಎಂಬ ವ್ಯವಸ್ಥೆಯಲ್ಲಿ ಕಂಪ್ಯೂಟರ್ ಸದ್ದನ್ನು ಲೆಕ್ಕ ಹಾಕುತ್ತಿರಲಿಲ್ಲ. ಗುಂಡಿ, ಕೋಲುಗಳ ಚಲನೆಯನ್ನು ನೆನಪಿಟ್ಟುಕೊಂಡು ಅನಲಾಗ್ ಸಿಂಥಸೈಜರನ್ನು ನಡೆಸುತ್ತಿತ್ತು. ಅಂದಿನ ಯಂತ್ರ ಆ ಕ್ಷಣದಲ್ಲೇ ಮಾಡಿ ಮುಗಿಸಬಹುದಾದ ಕೆಲಸ ಅಷ್ಟೇ.

ಆಮೇಲಿನದು ರೇಡಿಯೋ ಬ್ಯಾಟನ್: ಎರಡು ಕೋಲು, ಕೆಳಗೆ ಆಂಟೆನಾ ಹುದುಗಿಸಿದ ಹಲಗೆ. ಪ್ರತಿ ಕೋಲಿನ ತುದಿಯೂ ಬೇರೆ ಬೇರೆ ಆವರ್ತನದ ಸಂಕೇತ ಬಿಡುವುದರಿಂದ ಯಾವ ಕೋಲು ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಎಂದು ತಿಳಿಯುತ್ತದೆ. ಸ್ವರಗಳು ಮೊದಲೇ ಕಂಪ್ಯೂಟರಿನಲ್ಲಿರುತ್ತವೆ. ಕಾಲ, ಜೋರು, ಭಾವ ನುಡಿಸುವವರ ಕೈಯಲ್ಲಿ. ಸಮಯ ಸಾಲದಿದ್ದರೆ ಹಾಡಿದ ಕಂಪ್ಯೂಟರನ್ನು ಎರಡು ಮಾತಿಗೆ ಇಳಿಸಿ, ಇದಕ್ಕೆ ಐದು ನಿಮಿಷ ಕೊಡಿ. ಮ್ಯಾಕ್ಸ್ ಎಂಬ ಸಂಗೀತದ ಸಾಫ್ಟ್‌ವೇರ್ ಬಲ್ಲವರು ಅಲ್ಲಿರುತ್ತಾರೆ. ಅದನ್ನು ಮಾಡಿದ ಮಿಲ್ಲರ್ ಪಕೆಟ್ ಅದಕ್ಕೆ ಇಟ್ಟದ್ದು ಇವರದೇ ಹೆಸರು ಎಂಬುದನ್ನು ಆಗಲೇ ಹೇಳಿ.