ಬ್ಯಾಡಗಿ ಕೋಲ್ಡ್ ಸ್ಟೋರೇಜ್‌ನಲ್ಲಿರುವ ಮೆಣಸಿನಕಾಯಿ: ದಾಸ್ತಾನು ಆಡಿಟ್ ಹೇಗೆ?

ಪ್ರಶ್ನೆ (ಹುಬ್ಬಳ್ಳಿ): ಕ್ಲೈಂಟ್ ಪ್ರೈವೇಟ್ ಲಿಮಿಟೆಡ್ ಕಂಪನಿ. ಮಾರ್ಚ್ 31ರ ದಾಸ್ತಾನಿನ ಬಹುಪಾಲು ಬೇರೆಯವರ ಶೀತಲಗೃಹಗಳಲ್ಲಿದೆ. ಎಣಿಕೆಗೆ ಹೋಗಲು ಆಗುವುದು ಏಪ್ರಿಲ್ ಮೂರನೇ ವಾರ. ಗೋದಾಮಿನ ದೃಢೀಕರಣ ಪತ್ರವೊಂದೇ ಸಾಕೇ? ಎಡಿಟ್ ಲಾಗ್ (ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಏನನ್ನು, ಯಾವಾಗ, ಯಾರು ತಿದ್ದಿದರೆಂಬ ದಾಖಲೆ) ಬಗ್ಗೆ ಆಡಿಟ್ ವರದಿಯಲ್ಲಿ ಏನು ಬರೆಯಬೇಕು?

ಉತ್ತರ (ಹಾವೇರಿ): ಆಡಿಟ್ ಮಾನದಂಡ ಎಸ್‌ಎ 501 ಪ್ರಕಾರ, ಬೇರೆಯವರ ಬಳಿ ಇರುವ ದಾಸ್ತಾನಿಗೆ ದೃಢೀಕರಣ, ಪರಿಶೀಲನೆ ಅಥವಾ ಎರಡೂ. ಮೊತ್ತ ದೊಡ್ಡದಿದ್ದರೆ ಎರಡೂ ಮಾಡ್ರಿ. ಪತ್ರ ಕ್ಲೈಂಟ್ ಕೈಯಿಂದ ಬರಬಾರದು, ನೇರ ನಿಮಗೇ ಬರಬೇಕು. ಲಾಟ್ ನಂಬರ್, ಚೀಲ, ತೂಕ, ಬ್ಯಾಂಕಿಗೆ ಒತ್ತೆ ಇದೆಯೇ ಎಂಬುದೂ ಅದರಲ್ಲಿರಲಿ. ಏಪ್ರಿಲ್ ಎಣಿಕೆಗೆ, ಮಾರ್ಚ್ 31ರಿಂದ ಎಣಿಕೆಯ ತನಕ ಹೊರಹೋದದ್ದನ್ನು ಕೂಡಿ, ಒಳಬಂದದ್ದನ್ನು ಕಳೆದರೆ ಮಾರ್ಚ್ 31ರ ಲೆಕ್ಕ. ಹೊಂದಿಸಲು ಗೋದಾಮಿನ ಗೇಟ್ ಪಾಸ್ ನೋಡ್ರಿ, ಕ್ಲೈಂಟಿನ ಪುಸ್ತಕವಲ್ಲ. ಎಡವಟ್ಟಾಗುವುದು ಚೀಲದ ಸಂಖ್ಯೆಯಲ್ಲಿ ಕಡಿಮೆ, ತಳಿಯಲ್ಲಿ ಹೆಚ್ಚು: ಡಬ್ಬಿ, ಕಡ್ಡಿ, ಗುಂಟೂರು ಕಾಯಿಗೆ ದರ ಬೇರೆ ಬೇರೆ. ಒಳಸಾಲಿನ ಚೀಲಗಳನ್ನೂ ಬಿಚ್ಚಿಸಿ ನೋಡಲೇಬೇಕು. ತೇವಾಂಶದಿಂದ ತೂಕ ಬದಲಾಗುತ್ತದೆ, ಮಾದರಿ ಚೀಲಗಳನ್ನು ತೂಗಿಸ್ರಿ.

ಉತ್ತರ (ಗದಗ): ಎಡಿಟ್ ಲಾಗ್ ನಿಯಮ 2023ರ ಏಪ್ರಿಲ್ 1ರಿಂದ ಶುರುವಾದ ಹಣಕಾಸು ವರ್ಷಗಳಿಗೆ, ಕಂಪನಿಗಳಿಗೆ ಮಾತ್ರ, ಪಾಲುದಾರಿಕೆ ದಲಾಲಿ ಅಂಗಡಿಗೆ ಇಲ್ಲ. ಕಂಪನಿಗಳ ಆಡಿಟ್ ಕುರಿತ ನಿಯಮ 11(ಜಿ) ಅಡಿ ಆಡಿಟರ್ ತಮ್ಮ ವರದಿಯಲ್ಲಿ, ಲಾಗ್ ಸೌಲಭ್ಯ ಇತ್ತೇ, ವರ್ಷಪೂರ್ತಿ ಎಲ್ಲ ವಹಿವಾಟಿಗೂ ನಡೆಯಿತೇ, ತಿದ್ದಲಾಗಿದೆಯೇ, ಉಳಿಸಿಟ್ಟಿದ್ದಾರೆಯೇ ಎಂದು ಹೇಳಬೇಕು. ಬಹಳ ಮಂದಿ ಮರೆಯುವುದು ಡೇಟಾಬೇಸ್ ಮಟ್ಟದ ನೇರ ತಿದ್ದುಪಡಿ, ಅಂದರೆ ಸಾಫ್ಟ್‌ವೇರ್ ಬಿಟ್ಟು ಒಳಗಿನ ಮಾಹಿತಿಯನ್ನೇ ತಿದ್ದುವುದು. ಅಲ್ಲಿ ಲಾಗ್ ಇಲ್ಲದಿದ್ದರೆ ವರದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.

ಪ್ರಶ್ನಿಸಿದವರು: ದಾಸ್ತಾನಿನ ಲೆಕ್ಕ ಎಕ್ಸೆಲ್‌ನಲ್ಲಿದೆ.

ಉತ್ತರ (ಗದಗ): ಅದೂ ಲೆಕ್ಕಪುಸ್ತಕದ ಭಾಗವಾಗಿದ್ದರೆ, ಲಾಗ್ ಇಲ್ಲವೆಂದೇ ನಮೂದಿಸಬೇಕು.