ಸಹಾಯ ಬೇಕು: ಗೋಸ್-16ರ ಪ್ರೋಟಾನ್ ಡೇಟಾ, ಪೂರ್ವದ್ದು ತಗೊಳ್ಳೋದಾ ಪಶ್ಚಿಮದ್ದಾ?

ಎಲ್ಲರಿಗೂ ನಮಸ್ಕಾರ. ಎಂ.ಎಸ್‌ಸಿ. ಪ್ರಾಜೆಕ್ಟ್‌ಗೆ 2024ರ ಜೂನ್ 8ರಂದು ಸೂರ್ಯನಿಂದ ಬಂದ ಪ್ರೋಟಾನ್‌ಗಳ ಲೆಕ್ಕ ಹಾಕುತ್ತಿದ್ದೇನೆ. ಎರಡು ವಾರದಿಂದ ಒಂದೇ ಕಡೆ ನಿಂತಿದ್ದೇನೆ.

ಗೋಸ್-16 ಅಂದ್ರೆ ಅಮೆರಿಕದ ಹವಾಮಾನ ಉಪಗ್ರಹ, ಭೂಸ್ಥಿರ ಕಕ್ಷೆಯಲ್ಲಿದೆ. ಅದರಲ್ಲಿ ಪ್ರೋಟಾನ್ ಅಳೆಯುವ ಒಂದೇ ಥರದ ಎರಡು ಪೆಟ್ಟಿಗೆಗಳಿವೆ. ಒಂದು ಪೂರ್ವಕ್ಕೆ ನೋಡುತ್ತದೆ, ಇನ್ನೊಂದು ಪಶ್ಚಿಮಕ್ಕೆ. ಕಣ ಒಳಗಿನ ಡಿಟೆಕ್ಟರ್‌ನಲ್ಲಿ ಎಷ್ಟು ಶಕ್ತಿ ಬಿಟ್ಟಿತು ಅನ್ನೋದರ ಮೇಲೆ ಅದನ್ನು ಒಂದೊಂದು ಚಾನೆಲ್‌ಗೆ (ಶಕ್ತಿಯ ಗುಂಪಿಗೆ) ಹಾಕುತ್ತಾರೆ. ಇಲ್ಲಿಯವರೆಗೆ ಅರ್ಥವಾಗಿದೆ.

ತೊಂದರೆ ಏನಂದ್ರೆ, ಕಡಿಮೆ ಶಕ್ತಿಯ ಚಾನೆಲ್‌ಗಳಲ್ಲಿ ಪಶ್ಚಿಮದ ಅಂಕಿ ಪೂರ್ವದ್ದಕ್ಕಿಂತ ಜಾಸ್ತಿ ಬರುತ್ತಿದೆ. 100 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಕಣದ ಶಕ್ತಿಯ ಅಳತೆ) ದಾಟಿದ ಮೇಲೆ ಎರಡೂ ಹತ್ತಿರ ಬರುತ್ತವೆ. ಮೊದಲು ನನ್ನ ಕೋಡ್ ಮೇಲೇ ಅನುಮಾನ ಬಂತು. ಯೂನಿಟ್ ಕೆಇವಿಯಲ್ಲಿದೆಯೋ (ಎಂಇವಿಯ ಸಾವಿರದ ಒಂದು ಭಾಗ) ಎಂಇವಿಯಲ್ಲಿದೆಯೋ ನೋಡಿದೆ, ಕೆಟ್ಟ ಡೇಟಾ ತೆಗೆದೆ, 5 ನಿಮಿಷದ ಸರಾಸರಿಯನ್ನೇ ಬಳಸಿದೆ. ಏನೂ ಬದಲಾಗಲಿಲ್ಲ. ನಮ್ಮ ಸೌರ ನೌಕೆ ಆದಿತ್ಯ-ಎಲ್1ರಲ್ಲಿ ಕಣ ಅಳೆಯುವ ಸ್ಟೆಪ್ಸ್ ಉಪಕರಣದ ಜೊತೆ ಹೋಲಿಸೋಣ ಅಂದುಕೊಂಡೆ. ಅದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿದೆ, ಭೂಮಿಯ ಕಾಂತಕ್ಷೇತ್ರದ ಕಾಟ ಇಲ್ಲ. ಆದರೆ ಅದು ಅಳೆಯುವುದು 5 ಎಂಇವಿ ತನಕ ಮಾತ್ರ, ನನಗೆ ಬೇಕಾಗಿರೋದು 10ರ ಮೇಲಿನದು!

ಪ್ರೋಟಾನ್ ಕಾಂತಕ್ಷೇತ್ರದಲ್ಲಿ ಸುತ್ತುತ್ತಾ ಬರುವುದರಿಂದ, ಪಶ್ಚಿಮಕ್ಕೆ ನೋಡುವ ಪೆಟ್ಟಿಗೆಗೆ ಕಕ್ಷೆಯ ಹೊರಗಿನ ಕಣಗಳೂ ಪೂರ್ವದ್ದಕ್ಕೆ ಒಳಗಿನವೂ ಸಿಗುತ್ತವೆ ಅಂತ ಓದಿದೆ. ಹಾಗಿದ್ದರೆ ಎರಡರ ಸರಾಸರಿ ತೆಗೆಯೋದು ತಪ್ಪು ಅಲ್ವಾ?

ಈ ಡೇಟಾ ಬಳಸಿದವರು ಹೇಳಿ: ಭೂಮಿಯ ಕಾಂತಕ್ಷೇತ್ರದ ಹೊರಗಿನ ನಿಜವಾದ ಪ್ರಮಾಣಕ್ಕೆ, 10 ಎಂಇವಿ ಆಸುಪಾಸಿನಲ್ಲಿ, ಪಶ್ಚಿಮದ್ದನ್ನು ಮಾತ್ರ ತೆಗೆದುಕೊಂಡರೆ ಸಾಕಾ, ಅದಕ್ಕೂ ಏನಾದರೂ ತಿದ್ದುಪಡಿ ಮಾಡಬೇಕಾ?